ಗುಡ್ಡದಿಂದ ಕಡ ತಂದ ಕಳ್ಳಿ

ಡಿಸೆಂಬರ್ ಬಂತೆಂದರೆ ಲಾ ತಿನಾಹಾ ಊರಿನ ಹೆಂಗಸರು ಬುಟ್ಟಿ ಹಿಡಿದು ಗುಡ್ಡ ಹತ್ತುತ್ತಾರೆ. ಮನೆಯ ಮೂಲೆಯಲ್ಲಿ ಕ್ರಿಸ್ಮಸ್ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಮನೆ, ಕಟ್ಟಬೇಕಲ್ಲ. ಅದಕ್ಕೆ ಪಾಚಿ ಬೇಕು, ಬಂಡೆಗೆ ಅಂಟಿದ ಒಣ ಜರಿಗಿಡ ಬೇಕು, ಎಲ್ಲಕ್ಕಿಂತ ಮೊದಲು ಒಂದು ಗುಂಪುಗಳ್ಳಿ ಬೇಕು. ನಿಂಬೆಕಾಯಿ ಗಾತ್ರದ ಗುಂಡು ಗುಂಡು ತಲೆಗಳು, ಒಂದಕ್ಕೊಂದು ಒತ್ತಿಕೊಂಡು, ಮೈತುಂಬ ಬಿಳಿ ಮುಳ್ಳು. ದೂರದಿಂದ ನೋಡಿದರೆ ಚಳಿಗೆ ಮುದುಡಿ ಮಲಗಿದ ಕುರಿಮರಿಗಳ ಹಾಗೆ ಕಾಣುತ್ತದೆ. ಬಿಸ್ನಾಗಾ ಎನ್ನುತ್ತಾರೆ ಅದಕ್ಕೆ. ಬಾಲಯೇಸುವಿನ ತೊಟ್ಟಿಲ ಪಕ್ಕ ಅದಿಲ್ಲದಿದ್ದರೆ ಆ ಊರಿನವರ ಪಾಲಿಗೆ ಅದು ಗೋದಲಿಯೇ ಅಲ್ಲ.

ಆದರೆ ಗುಡ್ಡದಿಂದ ಕಿತ್ತು ತಂದದ್ದು ಕಡ. ಕಿತ್ತ ಕುಳಿಯಲ್ಲಿ ನಮ್ಮದೊಂದು ವಸ್ತುವನ್ನು ಒತ್ತೆ ಇಟ್ಟು ಬರಬೇಕು. ಮಣಿಯೋ, ಮುರಿದ ಚಮಚವೋ, ಮೈಮೇಲಿನ ಏನಾದರೊಂದು. ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬ ಮುಗಿದ ಮೇಲೆ ಕಳ್ಳಿಯನ್ನು ಅದೇ ಕುಳಿಯಲ್ಲಿ ಕೂರಿಸಿ, ಒತ್ತೆ ಬಿಡಿಸಿಕೊಂಡು, “ನಿನ್ನದು ನಿನಗೆ, ನನ್ನದು ನನಗೆ” ಎಂದು ಹೇಳಿ ಇಳಿಯಬೇಕು. ಯಾರು ಮಾಡಿದ ಕಟ್ಟಳೆಯೋ ಏನೋ. ಪೂಜೆ ತಪ್ಪಿಸಿದವರನ್ನು ಊರು ಕ್ಷಮಿಸೀತು, ಕುಳಿ ತಪ್ಪಿಸಿದವರನ್ನು ಕ್ಷಮಿಸಿದ್ದಿಲ್ಲ.

ಆ ಊರಿನ ಒಬ್ದುಲಿಯಾಳ ತಾಯಿ ದೋನ್ಯಾ ಕ್ರಿಸಾಂತಾ, ಅಂದರೆ ಕ್ರಿಸಾಂತಮ್ಮ, ಮೂವತ್ತೈದು ವರ್ಷದ ಕೆಳಗೆ ಸನ್ಯಾಸಿನಿ ಗುಡ್ಡದಿಂದ ಹೀಗೆಯೇ ಒಂದು ಕಳ್ಳಿ ತಂದಳು, ಕಿವಿಯ ಹವಳದ ಓಲೆಯೊಂದನ್ನು ಕುಳಿಯಲ್ಲಿಟ್ಟು. ಆ ಚಳಿಗಾಲದಲ್ಲೇ ಕೆಳಗೆ ಹೊಳೆಗೆ ಕಟ್ಟಿದ ಅಣೆಕಟ್ಟಿನ ಬಾಗಿಲು ಹಾಕಿದರು. ನೀರು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಇಷ್ಟು ಬೇಗ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಹಬ್ಬದ ಮರುದಿನ ಅವಳು ಬುಟ್ಟಿ ಹೊತ್ತು ಹೋಗಿ ನೋಡಿದರೆ ಗುಡ್ಡ ಕುತ್ತಿಗೆಯವರೆಗೆ ಮುಳುಗಿತ್ತು. ಕುಳಿ ಎಲ್ಲೋ ನೀರಿನಡಿ. ಬುಟ್ಟಿಯನ್ನು ಹಾಗೇ ವಾಪಸು ತಂದು ಕಳ್ಳಿಯನ್ನು ಹಂದಿಕೊಬ್ಬಿನ ಖಾಲಿ ಡಬ್ಬಿಯಲ್ಲಿ ನೆಟ್ಟಳು. ಬದುಕಿರುವ ತನಕ ಒಂದೇ ಕಿವಿಗೆ ಓಲೆ ಹಾಕಿಕೊಂಡು ಓಡಾಡಿದಳು. ಸಾಯುವಾಗ ಮಗಳ ಕೈ ಹಿಡಿದು, “ಇದು ನಮ್ಮದಲ್ಲ ದೂಲಿ. ಕಡ ತಂದದ್ದು. ಹ್ಯಾಗಾದ್ರೂ ತೀರಿಸು,” ಎಂದಳು.

ಒಬ್ದುಲಿಯಾಳ ಗಂಡ ಪ್ರೋಕುಲೊ ಈ ಕಥೆಯನ್ನು ಎಷ್ಟು ಸಲ ಕೇಳಿದ್ದನೋ. ಕೇಳಿದಾಗಲೆಲ್ಲ ಏನಾದರೊಂದು ನೆಪ ತೆಗೆದು ಎದ್ದು ಹೋಗುತ್ತಿದ್ದ. ಯಾಕೆಂದರೆ ಆ ಕಳ್ಳಿಯನ್ನು ಅವನೇ ಕೊಂದಿದ್ದ.

ಬೇಕೆಂದು ಕೊಂದದ್ದಲ್ಲ, ಪಾಪ. ಇಪ್ಪತ್ತೆರಡು ವರ್ಷದ ಹಿಂದೆ ಒಬ್ದುಲಿಯಾ ತಂಗಿಯ ಬಾಣಂತನಕ್ಕೆಂದು ಪಟ್ಟಣಕ್ಕೆ ಹೋಗಿದ್ದಳು. ಹೋಗುವಾಗ, “ಮಳೆಗಾಲದವರೆಗೆ ಅದಕ್ಕೆ ಒಂದು ಹನಿ ನೀರೂ ಹಾಕಬೇಡ ಮುದುಕ,” ಎಂದು ಹತ್ತು ಸಲ ಹೇಳಿದ್ದಳು. ಆಗ ಅವನೇನೂ ಮುದುಕನಲ್ಲ, ಮದುವೆಯಾದ ದಿನದಿಂದಲೂ ಅವಳು ಕರೆಯುವುದೇ ಹಾಗೆ. ಪ್ರೋಕುಲೊ ಮೆಕ್ಕೆಜೋಳ ಬೆಳೆಯುವವನು. ಬಾಡಿದ್ದಕ್ಕೆ ನೀರು ಹಾಕದೆ ಸುಮ್ಮನಿರುವುದು ಅವನ ಕೈಗೆ ಗೊತ್ತಿಲ್ಲ. ಸುಕ್ಕುಗಟ್ಟಿದ ಆ ತಲೆಗಳನ್ನು ನೋಡಿ ಕರುಳು ಚುರುಕ್ಕೆಂದು ದಿನಾ ಒಂದೊಂದು ಚೊಂಬು ಹುಯ್ದ. ಮೂರನೇ ವಾರ ಮುಟ್ಟಿ ನೋಡಿದರೆ ಬೆರಳು ಕೊಳೆತ ಟೊಮೆಟೊದೊಳಗೆ ಹೋದ ಹಾಗೆ ಒಳಗೆ ಇಳಿಯಿತು. ಬದಿಯಲ್ಲಿ ಕಡಲೆಕಾಳಿನಷ್ಟು ಪುಟ್ಟ ಮರಿಯೊಂದು ಮಾತ್ರ ಗಟ್ಟಿಯಾಗಿತ್ತು. ಅದನ್ನು ಬಿಡಿಸಿ ಕಿಟಕಿಯ ಮೇಲೆ ಮೂರು ದಿನ ಒಣಗಿಸಿದ. ಆಮೇಲೆ ಕೋಳಿಜುಟ್ಟಿನ ಗುಡ್ಡಕ್ಕೆ ಹೋಗಿ ಅಂಥದ್ದೇ ಬಿಳಿಮುಳ್ಳಿನ ಗುಂಪೊಂದನ್ನು ಕಿತ್ತು ತಂದು, ಡಬ್ಬಿಯಲ್ಲಿ ನೆಟ್ಟು, ನಟ್ಟನಡುವೆ ಆ ಕಡಲೆಕಾಳನ್ನು ಸಿಕ್ಕಿಸಿದ. ಅದು ಬದುಕಿತೋ ಸತ್ತಿತೋ, ಎಲ್ಲಿ ಅಡಗಿತೋ ಅವನಿಗೇ ಗೊತ್ತಿಲ್ಲ. ಈಗ ಡಬ್ಬಿಯ ತುಂಬ ಮೂವತ್ತೊಂದು ತಲೆ.

ಅಂದಿನಿಂದ ಬಾಯಿಗೆ ಬೀಗ. ಪ್ರತಿ ಡಿಸೆಂಬರಿನಲ್ಲೂ ಹೆಂಡತಿ ಅದರ ಮುಂದೆ ಮೇಣದಬತ್ತಿ ಹಚ್ಚಿ, “ಅಮ್ಮಾ, ಇನ್ನೂ ಇದೆ ನೋಡು,” ಎಂದು ಹೇಳುವಾಗ ಅವನು ಹೊರಗೆ ಹೋಗಿ ಕತ್ತೆಗೆ ಹುಲ್ಲು ಹಾಕುತ್ತಿದ್ದ. ಕತ್ತೆ ಆ ತಿಂಗಳು ಮೈ ತುಂಬಿಕೊಳ್ಳುತ್ತಿತ್ತು.

ಹೀಗಿರುವಾಗ ಈ ಸಲ ಕ್ರಿಸ್ಮಸ್ಸಿಗೆ ವಾರವಿದ್ದಂತೆ ಒಬ್ಬ ಹುಡುಗಿ ಬಂದಳು. ಯೆಸೆನಿಯಾ ಎಂದು ಹೆಸರು, ಗಿಡಗಳನ್ನು ಓದಿದವಳು, ಕುತ್ತಿಗೆಯಲ್ಲಿ ದಾರ ಕಟ್ಟಿದ ಭೂತಗನ್ನಡಿ. ಊರಿನ ಮನೆಮನೆಯ ಗೋದಲಿ ನೋಡುತ್ತ ಬರುತ್ತಿದ್ದಳು. ಮುಳುಗಿದ ಗುಡ್ಡದ ಗಿಡ ಎಲ್ಲಾದರೂ ಉಳಿದಿದ್ದರೆ ಅದು ಗೋದಲಿಯಲ್ಲೇ ಎಂದು ಅವಳಿಗೆ ಹೊಳೆದಿತ್ತು. ಜಾಣೆ ಅಂದರೆ ಹೀಗಿರಬೇಕು.

“ಇದು ಎಲ್ಲಿಂದ ಬಂತು ದೋನ್ಯಾ ಒಬ್ದುಲಿಯಾ?”

“ಸನ್ಯಾಸಿನಿ ಗುಡ್ಡದ್ದು ಕಣಮ್ಮ. ನಮ್ಮಮ್ಮ ತಂದದ್ದು.”

ಹುಡುಗಿ ಪ್ರಾರ್ಥನೆಗೆ ಕೂತವಳಂತೆ ಮೊಣಕಾಲೂರಿದಳು. ಗಾಜು ಹಿಡಿದು ಒಂದೊಂದು ಗುಬುಟಿನ ಮುಳ್ಳು ಎಣಿಸಿದಳು. ಸೂಜಿಮೊನೆ ತಾಗಿಸಿದಳು, ಬಿಳಿ ಹಾಲಿನ ಹನಿಯೊಂದು ಬಂತು. ಚೀಲದಿಂದ ಹಳೇ ಕಾಗದವೊಂದನ್ನು ತೆಗೆದಳು. ಸನ್ಯಾಸಿನಿ ಗುಡ್ಡ ಮುಳುಗುವ ಮುಂಚೆ ಯಾರೋ ಅದಕ್ಕೆ ಅಂಟಿಸಿದ್ದ ಅಲ್ಲಿನ ಒಣ ಗಿಡ, ಹೂವು ಎಲ್ಲ ನಶ್ಯದ ಬಣ್ಣಕ್ಕೆ ತಿರುಗಿದ್ದವು.

“ಹಾಲು ಬರುತ್ತೆ, ಕೊಕ್ಕೆಮುಳ್ಳಿಲ್ಲ, ಎಣಿಕೇನೂ ಸರಿ ಇದೆ. ಆದ್ರೆ ಕೋಳಿಜುಟ್ಟಿನ ಗುಡ್ಡದ ಮಾಮೂಲಿ ಕಳ್ಳೀಲೂ ಇಷ್ಟೆಲ್ಲ ಇರುತ್ತೆ. ಹೂವು ನೋಡದೆ ಹೇಳೋಕಾಗಲ್ಲ. ಮಾಮೂಲಿದು ಗುಲಾಬಿ ಬಣ್ಣ, ತಲೆ ಸುತ್ತ ಬಳೆ ತೊಡಿಸಿದ ಹಾಗೆ ಬಿಡುತ್ತೆ. ಸನ್ಯಾಸಿನಿ ಗುಡ್ಡದ್ದು...”

“ಹಳದಿ,” ಎಂದಳು ಒಬ್ದುಲಿಯಾ. “ಎಸಳಿನ ನಡುವೆ ಕೆಂಪು ಗೆರೆ. ಮಾರ್ಚ್ ತಿಂಗಳಲ್ಲಿ ನಾವು ಹುಡುಗೀರು ಮೇಕೆ ಮೇಯಿಸ್ತಾ ಕಂಡಿದ್ದೀವಿ. ಆಮೇಲೆ ಮೆಣಸಿನಕಾಯಿ ಥರ ಕೆಂಪು ಹಣ್ಣು. ನಾಲಿಗೆ ಚುಳ್ ಅಂತಿತ್ತು.”

ಹುಡುಗಿ ಕಾಗದದ ಮೂಲೆಯ ಬರಹ ತೋರಿಸಿದಳು. ಅಲ್ಲೂ ಅದೇ ಇತ್ತು: ಹಳದಿ, ಕೆಂಪು ಗೆರೆ. “ಇದು ಅದೇ ಆಗಿದ್ರೆ, ಇಡೀ ಭೂಮಿ ಮೇಲೆ ಇದೊಂದೇ. ಮರಿ ಮಾಡಿ ಬೆಳೆಸಿ, ನೀರಿನ ಮೇಲೆ ಉಳಿದಿರೋ ದಂಡೆಯಲ್ಲಿ ಮತ್ತೆ ನೆಡಬಹುದು. ಯಾಕೆ ದೋನ್ಯಾ, ಇಷ್ಟು ವರ್ಷ ಹೂವೇ ಬಿಡ್ಲಿಲ್ವಾ?”

“ಇಲ್ಲಮ್ಮ, ಒಂದು ಸಲಾನೂ ಇಲ್ಲ. ತವರು ಬಿಟ್ಟ ದುಃಖ ಅಂದ್ಕೊಂಡಿದ್ದೆ.”

ಹುಡುಗಿ ಗೋದಲಿಯನ್ನು ನೋಡಿದಳು. ಒದ್ದೆ ಪಾಚಿ, ಸುತ್ತ ಮೇಣದಬತ್ತಿ, ಪಕ್ಕದಲ್ಲೇ ಒಲೆ. “ಚಳಿಗಾಲ ಪೂರ್ತಿ ಬೆಚ್ಚಗೆ ಒದ್ದೆ ಪಾಚಿ ಮೇಲೆ ಕೂರಿಸಿದ್ರೆ ಹೂವು ಹ್ಯಾಗೆ ಬಿಡುತ್ತೆ? ಅದಕ್ಕೆ ಬಾಯಾರಿಕೆ ಬೇಕು, ಚಳಿ ಬೇಕು. ಇವತ್ತೇ ತೆಗೆದು ಮಾಳಿಗೆ ಮೇಲಿಡಿ. ಮಾರ್ಚ್‌ವರೆಗೆ ಒಂದು ಹನಿ ನೀರೂ ಬೇಡ. ಒಣಗಿದ್ರೆ ಚಳಿ ಏನೂ ಮಾಡಲ್ಲ.”

ಮೂಲೆಯಲ್ಲಿ ನೆಲಗಡಲೆ ಸುಲಿಯುತ್ತಿದ್ದ ಪ್ರೋಕುಲೊ ಸಿಪ್ಪೆಯನ್ನು ಬುಟ್ಟಿಗೂ ಕಾಳನ್ನು ನೆಲಕ್ಕೂ ಹಾಕತೊಡಗಿದ. ಮಾರ್ಚ್‌ನಲ್ಲಿ ಗುಲಾಬಿ ಬಳೆ ಬಿಡುವ ಕಳ್ಳಿ ಅದೆಂದು ಆ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಒಬ್ದುಲಿಯಾ ಅಂದೇ ಡಬ್ಬಿಯನ್ನು ಮಾಳಿಗೆಗೆ ಹೊತ್ತಳು. ಕೆಳಗೆ ಒಂದೆರಡು ತೂತನ್ನೂ ಹೊಡೆದಳು. ಗೋದಲಿಯಲ್ಲಿ ಅದರ ಜಾಗಕ್ಕೆ ಸುಣ್ಣ ಬಳಿದ ಸೋರೆಬುರುಡೆ ಕೂತಿತು. ನೋಡಲು ಬಂದವರೆಲ್ಲ ಕೇಳುವವರೇ, ಅವಳು ಕುಣಿಕುಣಿದು ಹೇಳುವವಳೇ: “ಅಮ್ಮನ ಕಡ ತೀರೋ ಕಾಲ ಬಂತು. ಮಾರ್ಚ್‌ಗೆ ನೋಡಿ.” ಅರವತ್ತನಾಲ್ಕು ವರ್ಷದ ಹೆಂಗಸಿನ ಮುಖಕ್ಕೆ ಮದುವಣಗಿತ್ತಿಯ ಕಳೆ ಬಂದಿತ್ತು. ಅದನ್ನು ನೋಡಿದಾಗಲೆಲ್ಲ ಪ್ರೋಕುಲೊ ಕತ್ತೆಯ ಹತ್ತಿರ ಹೋದ.

ಜನವರಿಯ ಒಂದು ಮಧ್ಯಾಹ್ನ ಅವಳು ಹಿಟ್ಟು ಬೀಸಿಸಲು ಹೋಗಿದ್ದಾಗ ಅವನು ಚೊಂಬಿನಲ್ಲಿ ನೀರು ಹಿಡಿದು ಮಾಳಿಗೆ ಹತ್ತಿದ. ಎರಡು ಚೊಂಬು ಹುಯ್ದರೆ ಸಾಕು, ಹೂವಿನ ಯೋಚನೆಯನ್ನೇ ಕಳ್ಳಿ ಮರೆತುಬಿಡುತ್ತದೆ. ಈ ವರ್ಷ ಬಿಡಲಿಲ್ಲ ಎಂದರಾಯಿತು, ಮುಂದಿನ ವರ್ಷದ್ದು ಮುಂದೆ. ಕಳ್ಳಿ ಬಾಡಿ ಅರ್ಧ ಮಣ್ಣಿನೊಳಗೆ ಇಳಿದಿತ್ತು. ಬಿಸಿಲು ಹಿತವಾಗಿತ್ತು. ದೂರದಲ್ಲಿ ಅಣೆಕಟ್ಟಿನ ನೀರು ಅಲುಗಾಡದೆ ಮಲಗಿತ್ತು. ಒಂದು ಗಳಿಗೆ ಕೂರೋಣವೆಂದು ಗೋಡೆಗೊರಗಿದವನು ಹಾಗೇ ಕಣ್ಣು ಮುಚ್ಚಿದ.

ಅವನು ನೀರಿನೊಳಗೆ ನಡೆಯುತ್ತಿದ್ದ. ಉಸಿರು ಕಟ್ಟಲಿಲ್ಲ, ಅಂಗಿ ತೋಯಲಿಲ್ಲ. ಸನ್ಯಾಸಿನಿ ಗುಡ್ಡ ಹಿಂದೆ ಇದ್ದ ಹಾಗೇ ಇತ್ತು. ಬಂಡೆಯ ಸಂದುಸಂದಿನಲ್ಲೂ ಬಿಳಿ ಗುಂಪುಗಳು, ಅವುಗಳ ಮೇಲೆ ಹಳದಿ ಹೂವು, ಹೂವಿನಿಂದ ಹೂವಿಗೆ ಸಣ್ಣ ಮೀನುಗಳು ಹಾರಾಡುತ್ತಿದ್ದವು. ಜೇನುಹುಳು ಮಾಡುವ ಕೆಲಸವನ್ನು ಮೀನುಗಳೇ ವಹಿಸಿಕೊಂಡದ್ದು ಅವನಿಗೆ ಸರಿಯಾಗಿಯೇ ತೋರಿತು. ಮೇಲಿನಿಂದ ಬಿಸಿಲು ಹಸಿರಾಗಿ ಇಳಿಯುತ್ತಿತ್ತು. ಒಂದು ಕುಳಿಯ ಪಕ್ಕ ಅತ್ತೆ ಕ್ರಿಸಾಂತಾ ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು, ಒಂದೇ ಕಿವಿಯಲ್ಲಿ ಓಲೆ. ಅವನನ್ನು ನೋಡಿ ಬೇಜಾರೇನೂ ಮಾಡಿಕೊಳ್ಳಲಿಲ್ಲ.

“ನೀರು ಜಾಸ್ತಿ ಆಯ್ತು, ಅಲ್ವಾ ಅಳಿಯಾ?” ಎಂದಳು.

ಎಚ್ಚರವಾದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಡಬ್ಬಿಯ ನಡುವೆ, ದೊಡ್ಡ ತಲೆಗಳ ಸಂದಿಯಲ್ಲಿ, ಅವನ ಕಡಲೆಕಾಳು ಈಗಲೂ ಎಲ್ಲೋ ಇರಬಹುದು. ಇದ್ದರೆ ಈ ನೀರು ಅದನ್ನೂ ಕೊಂದೀತು. ಒಂದು ಸಲ ಕೊಂದದ್ದೇ ಸಾಕಾಗಿತ್ತು ಅವನಿಗೆ. ಚೊಂಬು ಎತ್ತಿ ತಾನೇ ಗಟಗಟ ಕುಡಿದು ಕೆಳಗಿಳಿದ.

ಮೇಣದಬತ್ತಿ ಹಬ್ಬ ಬಂತು. ಗೋದಲಿಯಿಂದ ಬಾಲಯೇಸುವನ್ನು ಎತ್ತಿ ಹೊಸ ಬಟ್ಟೆ ತೊಡಿಸಿ ಚರ್ಚಿಗೆ ಒಯ್ದು ತಂದರು. ಬಂದವರೆಲ್ಲ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಕಡುಬು ತಿಂದು, ಬಿಸಿ ಗಂಜಿ ಕುಡಿದು ಹೋದರು. ಜೋಳದ ಸಿಪ್ಪೆಯ ರಾಶಿಯ ಮುಂದೆ ಗಂಡ ಹೆಂಡತಿ ಇಬ್ಬರೇ ಉಳಿದರು. ಒಬ್ದುಲಿಯಾ ತಾಯಿಯ ಉಳಿದೊಂದು ಹವಳದ ಓಲೆಯನ್ನು ಪೆಟ್ಟಿಗೆಯಿಂದ ತೆಗೆದು ಒರೆಸುತ್ತ, “ಗಿಡ ದಂಡೆಗೆ ಹೋಗೋ ದಿನ ಇದನ್ನ ಹಾಕ್ಕೋತೀನಿ ಮುದುಕ, ಅಮ್ಮನ ಥರ ಒಂದೇ ಕಿವಿಗೆ,” ಎಂದಳು.

ಪ್ರೋಕುಲೊಗೆ ಇನ್ನು ತಡೆಯಲಾಗಲಿಲ್ಲ.

“ಅದು ಅಮ್ಮನ ಗಿಡ ಅಲ್ಲ ದೂಲಿ,” ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಚೊಂಬು, ಕೊಳೆತದ್ದು, ಕೋಳಿಜುಟ್ಟಿನ ಗುಡ್ಡ, ಕಡಲೆಕಾಳು, ಒಂದನ್ನೂ ಬಿಡಲಿಲ್ಲ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಓಲೆಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು.

“ಇಪ್ಪತ್ತೆರಡು ವರ್ಷ ಅದರ ಹತ್ರ ಅಮ್ಮಾ ಅಮ್ಮಾ ಅಂತ ಮಾತಾಡಿದ್ದೀನಿ. ನೀನು ಕೇಳಿಸ್ಕೊಂಡು ಸುಮ್ನಿದ್ದೆ.”

“ಹೂಂ.”

“ಆ ಗುಡ್ಡದ ಕುಳೀಲಿ ಏನಿಟ್ಟು ಬಂದೆ?”

“ಬಟನ್ನು. ಬೇರೇನೂ ಇರ್ಲಿಲ್ಲ ಕೈಲಿ. ನೀಲಿ ಅಂಗೀದು, ಮೇಲಿಂದು ಕಿತ್ತಿಟ್ಟೆ.”

ಒಬ್ದುಲಿಯಾ ತಲೆಯೆತ್ತಿದಳು. “ಮದುವೆ ಅಂಗೀದಾ? ನಾನಿಲ್ಲದಾಗ ನಿನ್ನ ಬಟ್ಟೆ ಒಗೆದೋಳು ಫಿದೆನ್ಸಿಯಾ. ಕಲ್ಲಿಗೆ ಬಡಿದು ಬಟನ್ ಹಾರಿಸಿದ್ಲು ಅಂತ ಅವಳ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆನಲ್ಲೋ. ಅವಳು ದೇವರಾಣೆ ಹಾಕಿದ್ರೂ ನಂಬಲಿಲ್ಲ.”

ಎದ್ದು ಒಂದು ಡಜನ್ ತಮಾಲೆ ಬಟ್ಟೆಯಲ್ಲಿ ಕಟ್ಟಿಕೊಂಡು ನೆರೆಮನೆಗೆ ಹೋದಳು. ಫಿದೆನ್ಸಿಯಾ ಇಪ್ಪತ್ತೆರಡು ವರ್ಷ ತಡವಾಗಿ ಬಂದ ಕ್ಷಮಾಪಣೆಯನ್ನು ತಿಂದು ಮುಗಿಸಿ, ತಮಾಲೆಗೆ ಉಪ್ಪು ಸಾಲದು ಎಂದಳಂತೆ. ಆದರೆ ಗಂಡನ ಮುಖವನ್ನು ಒಬ್ದುಲಿಯಾ ಅಂದಿನಿಂದ ನೋಡಲಿಲ್ಲ. ಹುರುಳಿ, ರೊಟ್ಟಿ ಅವನ ಮುಂದೆ ಬರುತ್ತಿತ್ತು, ಬಿಸಿಯಾಗಿಯೇ ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ. ಯೆಸೆನಿಯಾಗೆ ಏನನ್ನೂ ಹೇಳಿ ಕಳಿಸಲಿಲ್ಲ. ಊರಿನವರು ಮಾರ್ಚ್ ಎಂದರೆ ತಲೆಯಾಡಿಸುತ್ತಿದ್ದಳು. ದಿನಾ ಮಧ್ಯಾಹ್ನ ಮಾಳಿಗೆ ಹತ್ತಿ ಡಬ್ಬಿಯ ಮುಂದೆ ಕೂತು ಇಳಿದು ಬರುತ್ತಿದ್ದಳು. ಮೇಲೆ ಅವಳು ಏನಾದರೂ ಮಾತಾಡುತ್ತಾಳೋ ಎಂದು ಪ್ರೋಕುಲೊ ಏಣಿಯ ಕೆಳಗೆ ಕಿವಿಗೊಟ್ಟು ನಿಲ್ಲುತ್ತಿದ್ದ. ಏನೂ ಕೇಳಿಸುತ್ತಿರಲಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಷ್ಟು ದೊಡ್ಡ ಮೌನವನ್ನು ಅವನು ಕಂಡಿರಲಿಲ್ಲ, ಅದು ತಾನೇ ಬೆಳೆಸಿದ್ದು ಎಂಬುದೂ ಅವನಿಗೆ ಗೊತ್ತಿತ್ತು.

ಮಾರ್ಚ್ ಮೊದಲ ವಾರ ಮೊಗ್ಗು ಬಂತು. ಎರಡನೇ ವಾರ ಗುಲಾಬಿ ಬಳೆಗಳು ಒಂದೊಂದೇ ತಲೆಗೆ ಏರಿದವು. ಎಷ್ಟು ಚೆಂದವಿತ್ತೆಂದರೆ ನೋಡಿದವರ ಬೇಗೆ ಒಂದು ಗಳಿಗೆ ಇಳಿಯಬೇಕು. ಪ್ರೋಕುಲೊ ಏಣಿಯ ಮೇಲಿನ ಮೆಟ್ಟಿಲಿನಿಂದ ಕತ್ತು ಚಾಚಿ ನೋಡಿ, ಅಪರಾಧಿಯಂತೆ ಇಳಿದು ಹೋದ. ಮೂವತ್ತು ತಲೆ ಅರಳಿದವು. ಎಲ್ಲವೂ ಗುಲಾಬಿ.

ಸಂತ ಯೋಸೆಫನ ಹಬ್ಬದ ದಿನ ಮಧ್ಯಾಹ್ನ ಅವನು ಹಗ್ಗ ಹೊಸೆಯುತ್ತಿದ್ದ. ಮೇಲಿನಿಂದ ದನಿ ಕೇಳಿತು.

“ಮುದುಕಾ.”

ಆರು ವಾರದ ಮೇಲೆ ಮೊದಲ ಮಾತು. ಅವನಿಗೆ ಕನಸೇ ಇರಬೇಕೆನಿಸಿತು. ಅರವತ್ತೆಂಟರ ಮೊಣಕಾಲನ್ನು ಮರೆತು ಏಣಿ ಹತ್ತಿದ.

ಒಬ್ದುಲಿಯಾ ಡಬ್ಬಿಯ ಮೇಲೆ ಬಾಗಿ ಕೂತಿದ್ದಳು. ನಡುವೆ, ಬಾಡಿ ನಿಂತ ಗುಲಾಬಿ ಹೂಗಳ ಗದ್ದಲದೊಳಗೆ, ಗೋಲಿಗಿಂತ ಸ್ವಲ್ಪ ದೊಡ್ಡದಾದ ಒಂದು ತಲೆ ಇತ್ತು. ಅದರ ಮೇಲೆ ಒಂದೇ ಒಂದು ಹೂವು. ಹಳದಿ. ಎಸಳಿನ ನಡುವೆ ಕೆಂಪು ಗೆರೆ.

ಇಬ್ಬರೂ ಬಿಸಿಲಲ್ಲಿ ಕೂತು ಅದನ್ನು ನೋಡಿದರು. ಬಿಸಿಲು ಇಳಿದು ಹೂವು ಮುಚ್ಚಿಕೊಳ್ಳುವವರೆಗೂ ನೋಡಿದರು. ಒಬ್ದುಲಿಯಾ ಅತ್ತಳು, ಅವನೂ ಅತ್ತ.

“ಕೊಂದವನೂ ನೀನೇ, ಉಳಿಸಿದವನೂ ನೀನೇ,” ಎಂದಳು ಕೊನೆಗೆ. “ನಿನ್ನ ಏನು ಮಾಡ್ಬೇಕು ಅಂತಾನೇ ತಿಳೀತಾ ಇಲ್ಲ ನಂಗೆ.”

ಹೇಳಿ ಕಳಿಸಿದ ಮೂರು ದಿನಕ್ಕೆ ಯೆಸೆನಿಯಾ ಬಂದಳು. ಆ ಹೊತ್ತಿಗೆ ಹೂವು ಎರಡಾಗಿತ್ತು. ಗಾಜು ಹಿಡಿದು ಬಾಗಿ ನೋಡಿದಳು. ಕಾಗದದ ನಶ್ಯಬಣ್ಣದ ಹೂವನ್ನು ಪಕ್ಕದಲ್ಲಿಟ್ಟು ಎಸಳು ಎಣಿಸಿದಳು, ಗೆರೆ ನೋಡಿದಳು, ಮತ್ತೆ ಎಣಿಸಿದಳು. “ಇದೇ,” ಎಂದಳು. ಗುಲಾಬಿ ಗುಂಪಿನೊಳಗೆ ಅದು ಹೇಗೆ ಬಂತೆಂದು ಕೇಳಿದಾಗ ಒಬ್ದುಲಿಯಾ ಗಂಡನ ಕಡೆ ನೋಡದೆ, “ನಮ್ಮ ಮನೆಯವರು ಬಚ್ಚಿಟ್ಟಿದ್ರು,” ಎಂದಳು.

ಚಿಕ್ಕ ತಲೆಯನ್ನು ಒಬ್ದುಲಿಯಾಳೇ ಬಿಡಿಸಿದಳು, ಬೇರಿನ ಎಳೆ ಹರಿಯದ ಹಾಗೆ, ನೋಯುವ ಬೆನ್ನನ್ನು ಲೆಕ್ಕಿಸದೆ. ಕಾಗದದಲ್ಲಿ ಸುತ್ತಿ ಹುಡುಗಿಯ ಕೈಗಿಡುವ ಮುಂಚೆ ಒಂದು ಕ್ಷಣ ತಡೆದಳು.

“ಕಡ ಕೊಡ್ತಾ ಇದ್ದೀನಿ ಮಗಳೇ. ಒತ್ತೆ ಇಡು.”

“ಒತ್ತೆನಾ? ಏನಿಡ್ಲಿ ದೋನ್ಯಾ?”

“ಮೈಮೇಲಿಂದು ಏನಾದ್ರೂ.”

ಹುಡುಗಿ ತನ್ನನ್ನು ತಾನೇ ಒಮ್ಮೆ ನೋಡಿಕೊಂಡಳು. ಗಾಜು ಬಿಟ್ಟರೆ ಕೆಲಸ ನಿಲ್ಲುತ್ತದೆ. ಕಡೆಗೆ ಎಡಗಿವಿಯ ಸಣ್ಣ ಬೆಳ್ಳಿ ಓಲೆ ಬಿಚ್ಚಿ ಕೊಟ್ಟಳು. ಒಬ್ದುಲಿಯಾ ಅದನ್ನು ಡಬ್ಬಿಯ ಮಣ್ಣಿನ ಕುಳಿಯಲ್ಲಿಟ್ಟು ಮುಚ್ಚಿದಳು.

“ಮರಿ ಆಗಿ ದಂಡೆ ಮೇಲೆ ಕೂತ ದಿನ ಬಂದು ಬಿಡಿಸ್ಕೋ. ಅಲ್ಲೀತನಕ ಒಂದೇ ಓಲೆ. ನಮ್ಮಮ್ಮ ಹಾಗೇ ಇದ್ಲು, ಚೆನ್ನಾಗೇ ಕಾಣ್ತಿದ್ಲು.”

ಹುಡುಗಿ ಹೋದ ಮೇಲೆ ಪ್ರೋಕುಲೊಗೆ ಎಲ್ಲ ಮುಗಿಯಿತೆನಿಸಿತು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿ ಕತ್ತೆಗೆ ತಡಿ ಹಾಕಿ ನಿಲ್ಲಿಸಿದ್ದಳು. ಬುಟ್ಟಿಯಲ್ಲಿ ಗುಲಾಬಿ ಗುಂಪು, ಮೂವತ್ತು ತಲೆ.

“ಇದು ಯಾರ ಕಡ?” ಎಂದು ಕೇಳಿದಳು. “ಇಪ್ಪತ್ತೆರಡು ವರ್ಷ ಆಯ್ತು. ನಡಿ.”

ಕೋಳಿಜುಟ್ಟಿನ ಗುಡ್ಡವನ್ನು ಅವನು ಅಂದಿನಿಂದ ಹತ್ತಿರಲಿಲ್ಲ. ಆದರೆ ಕಾಲಿಗೆ ದಾರಿ ಗೊತ್ತಿತ್ತು. ಸೀಳು ಬಂಡೆ, ಅದರ ನೆರಳಲ್ಲಿ ಒಂದು ಮುಳ್ಳುಪೊದೆ, ಪೊದೆಯ ಬುಡದಲ್ಲಿ ತಗ್ಗು. ಸುತ್ತ ಅಂಥದ್ದೇ ಗುಲಾಬಿ ಬಳೆ ತೊಟ್ಟ ಗುಂಪುಗಳು ಬಂಡೆಯ ತುಂಬ. ಅಲ್ಲೊಂದೇ ಕಡೆ ಖಾಲಿ ಇತ್ತು, ಇಷ್ಟು ದಿನ ಯಾರಿಗೋ ಕಾದ ಹಾಗೆ. ಅವನು ಕೂತು ಬೆರಳಿನಿಂದ ಕೆದಕಿದ. ಒಂದು ಗೇಣು ಕೆಳಗೆ ಬಟನ್ನು ಸಿಕ್ಕಿತು. ಕಪ್ಪೆಚಿಪ್ಪಿನ ಬಟನ್ನು, ನಾಲ್ಕು ತೂತಿನದು. ಎಂಜಲು ಹಚ್ಚಿ ಉಜ್ಜಿದರೆ ಹೊಳಪು ಹಾಗೇ ಇತ್ತು.

ಕಳ್ಳಿಯನ್ನು ಕೂರಿಸಿ, ಸುತ್ತ ಸಣ್ಣ ಕಲ್ಲು ಬಿಗಿದು, “ನಿನ್ನದು ನಿನಗೆ, ನನ್ನದು ನನಗೆ,” ಎಂದ. ಇನ್ನೊಮ್ಮೆಯೂ ಹೇಳಿದ.

ಒಬ್ದುಲಿಯಾ ಬಟನ್ನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ದೂರದಲ್ಲಿ ನೀರು ಬಿಸಿಲಿಗೆ ಬೆಳ್ಳಗೆ ಮಿನುಗುತ್ತಿತ್ತು. ಅದರಡಿಯ ಹವಳದ ಓಲೆ ಇನ್ನು ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ಇದೊಂದಾದ್ರೂ ಸಿಕ್ತು,” ಎಂದಳು.

ರವಿಕೆಯ ಅಂಚಿನಲ್ಲಿ ಯಾವಾಗಲೂ ಚುಚ್ಚಿಕೊಂಡಿರುವ ಸೂಜಿಯನ್ನು ತೆಗೆದಳು. ಸೆರಗಿನಂತೆ ಹೊದ್ದ ಶಾಲಿನಿಂದ ಒಂದು ಎಳೆ ಎಳೆದು ಪೋಣಿಸಿದಳು. ಅವನು ತೊಟ್ಟಿದ್ದ ಅಂಗಿಯ ಜೇಬಿನ ಮೇಲೆ, ಎದೆಯ ಹತ್ತಿರ, ಬಟನ್ನು ಇಟ್ಟು ಹೊಲಿಯತೊಡಗಿದಳು.

“ಅಲ್ಲಿ ಬಟನ್ನು ಬೇಕಿಲ್ವಲ್ಲ ದೂಲಿ. ಹಾಕೋಕೆ ಕಾಜಾನೂ ಇಲ್ಲ.”

“ನಂಗೆ ಬೇಕು. ಅಲ್ಲಾಡಬೇಡ.”

ಅವನು ಅಲ್ಲಾಡಲಿಲ್ಲ.